ಹೆಪ್ಪುಗಟ್ಟಿದ ಅಬ್ಬಿಯ ಮುಂದೆ ಒಂದು ಮಾಗಿಯ ಬೆಳಿಗ್ಗೆ

ಮಲ್ಲಂದೂರು ತೋಟದ ಮನೆ

ತೋಟದ ಅರೇಬಿಕಾ ಕಾಫಿ ಕುಯ್ಲು ಮುಗಿದು ರೋಬಸ್ಟಾ ಹಣ್ಣಿಗೆ ಇನ್ನೂ ಎರಡು ವಾರ ಇತ್ತು. ಅಪ್ಪನಿಗೆ ಎಪ್ಪತ್ತಾರು ವರ್ಷ. ಕಾಶ್ಮೀರ ನೋಡಬೇಕೆಂಬುದು ಅವರ ಹಳೆಯ ಆಸೆ. ಈ ವರ್ಷ ತಪ್ಪಿದರೆ ಮತ್ತೆ ಆಗುವುದಿಲ್ಲ ಎನಿಸಿ ಜನವರಿ ನಡುವೆ ಅವರನ್ನು ಕರೆದುಕೊಂಡು ಹೊರಟೆ. ಊರಿನವರೆಲ್ಲ ‘ಈ ಚಳಿಯಲ್ಲಿ ಯಾಕೆ, ಏಪ್ರಿಲ್‌ನಲ್ಲಿ ಹೂವಿರುವಾಗ ಹೋಗಿ’ ಎಂದರು. ಏಪ್ರಿಲ್‌ನಲ್ಲಿ ತೋಟ ಬಿಟ್ಟು ಯಾರು ಹೋಗುತ್ತಾರೆ?

ಶ್ರೀನಗರದಿಂದ ಗುಲ್ಮಾರ್ಗ್ ರಸ್ತೆಯಲ್ಲಿ ಸುಮಾರು 40 ಕಿಲೋಮೀಟರ್ ಹೋದರೆ ಟಂಗ್‌ಮಾರ್ಗ್ ಸಿಗುತ್ತದೆ. ಅದರ ಹತ್ತಿರವೇ ದ್ರಂಗ್ ಎಂಬ ಜಾಗ. ಅಲ್ಲೊಂದು ಜಲಪಾತವಿದೆ, ಚಳಿಗಾಲದಲ್ಲಿ ಪೂರ್ತಿ ಹೆಪ್ಪುಗಟ್ಟುತ್ತದೆ ಎಂದು ಕೇಳಿದ ಮೇಲೆ ಅಪ್ಪ ಬೇರೆ ಯಾವುದರ ಮಾತನ್ನೂ ಎತ್ತಲಿಲ್ಲ. ಡಿಸೆಂಬರ್ 21ರಿಂದ ನಲವತ್ತು ದಿನದ ಕಡು ಚಳಿಯನ್ನು ಅಲ್ಲಿಯವರು ಚಿಲ್ಲಾಯ್ ಕಲಾನ್ ಎನ್ನುತ್ತಾರೆ. ಆಮೇಲೆ ಇಪ್ಪತ್ತು ದಿನದ ಚಿಲ್ಲಾಯ್ ಖುರ್ದ್, ಕೊನೆಗೆ ಹತ್ತು ದಿನದ ಚಿಲ್ಲಾಯ್ ಬಚ್ಚಾ. ನಾವು ಮಳೆ ನಕ್ಷತ್ರಗಳನ್ನು ಎಣಿಸಿದಂತೆ ಅವರು ಚಳಿಯನ್ನು ಎಣಿಸುತ್ತಾರೆ. ನಾವು ಹೋದದ್ದು ಆ ನಲವತ್ತರ ಒಳಗೆ. ಬೆಳಿಗ್ಗೆ ಏಳಕ್ಕೆ ಹೊರಟೆವು. ದಾರಿಯಲ್ಲಿ ಒಂದು ಮನೆಯ ಮುಂದೆ ನಲ್ಲಿಯ ಕೊಳವೆಗೆ ಹುಲ್ಲಿನ ಬೆಂಕಿ ಹಿಡಿದು ನೀರು ಕರಗಿಸುತ್ತಿದ್ದರು. ಅಪ್ಪ ಕಾರು ನಿಲ್ಲಿಸಿ ಅದನ್ನು ನೋಡಿದರು.

ಅಬ್ಬಿಯ ವಿಷಯಕ್ಕೆ ಬರುತ್ತೇನೆ. ನಮ್ಮ ಮನೆಯ ಹಿಂದೆ ಒಂದು ಸಣ್ಣ ಅಬ್ಬಿ ಇದೆ. ಅದಕ್ಕೆ ಹೆಸರಿಲ್ಲ, ಯಾರೂ ನೋಡಲು ಬರುವುದಿಲ್ಲ. ಅಪ್ಪ ಹುಟ್ಟಿದಾಗಿನಿಂದ ಅದರ ಸದ್ದಿನಲ್ಲೇ ಮಲಗಿ ಎದ್ದವರು. ರಾತ್ರಿ ಸದ್ದು ದಪ್ಪವಾದರೆ ‘ಮೇಲೆ ಗುಡ್ಡದಲ್ಲಿ ಮಳೆ’ ಎಂದು ಹಾಸಿಗೆಯಿಂದಲೇ ಹೇಳುತ್ತಾರೆ. ಆದ್ದರಿಂದ ದ್ರಂಗ್‌ನಲ್ಲಿ ಅಬ್ಬಿ ಕಾಣುವುದಕ್ಕೆ ಮೊದಲೇ ಅವರ ನಡಿಗೆ ನಿಧಾನವಾಯಿತು. ‘ಹತ್ತಿರ ಬಂದೆವು ಎನ್ನುತ್ತಾರೆ, ಸದ್ದೇ ಇಲ್ಲವಲ್ಲ’ ಎಂದರು. ತಿರುವು ದಾಟಿದೊಡನೆ ಎದುರಿಗೇ ಇತ್ತು. ಬಂಡೆಯ ಅಂಚಿನಿಂದ ಬುಡದ ತನಕ ಸಾವಿರಾರು ಬಿಳಲುಗಳು ಇಳಿದು, ಒಂದಕ್ಕೊಂದು ಅಂಟಿ ಕಂಬಗಳಾಗಿ ನಿಂತಿದ್ದವು. ನಮ್ಮ ಆಲದ ಮರದ ಬಿಳಲುಗಳನ್ನು ಗಾಜಿನಲ್ಲಿ ಎರಕ ಹೊಯ್ದಂತೆ. ಹೊರಗೆಲ್ಲ ಬಿಳಿ, ದಪ್ಪನೆಯ ಸಂದುಗಳಲ್ಲಿ ಮಾತ್ರ ತಿಳಿ ನೀಲಿ.

ನಮ್ಮ ಜೊತೆ ಬಂದಿದ್ದ ಸ್ಥಳೀಯ ಹುಡುಗ ಉದ್ದ ನಿಲುವಂಗಿಯ ಒಳಗೆ ಕಾಂಗ್ಡಿ ಹಿಡಿದಿದ್ದ. ಬೆತ್ತದ ಬುಟ್ಟಿಯೊಳಗೆ ಕೆಂಡದ ಮಡಕೆ ಅದು. ಬಿಳಲುಗಳ ಕೆಳಗೆ ಹೋಗಬೇಡಿ ಎಂದು ಒಂದು ಪಕ್ಕದ ಬಂಡೆಯ ಹತ್ತಿರ ಕರೆದೊಯ್ದ. ಅಪ್ಪ ಮಂಕಿ ಟೋಪಿ ಸರಿಸಿ ಮಂಜುಗಡ್ಡೆಗೆ ಕಿವಿಯಿಟ್ಟರು. ತುಂಬ ಹೊತ್ತು ಹಾಗೇ ಇದ್ದರು. ನನಗೆ ಕೈಕಾಲು ಮರಗಟ್ಟುತ್ತಿತ್ತು. ‘ಒಳಗೆ ನಡೆಯುತ್ತಾ ಇದೆ’ ಎಂದರು. ನಾನೂ ಕಿವಿಯಿಟ್ಟೆ. ಗೋಡೆಯಾಚೆ ಯಾರೋ ಕೊಡಕ್ಕೆ ನೀರು ಬಗ್ಗಿಸುತ್ತಿರುವಂಥ ಸದ್ದು.

ಈ ನೀರು ಎಲ್ಲಿಗೆ ಹೋಗುತ್ತದೆ ಎಂದು ಅಪ್ಪ ಹುಡುಗನನ್ನು ನನ್ನ ಮೂಲಕ ಕೇಳಿಸಿದರು. ಬೇಸಿಗೆಯಲ್ಲಿ ಕರಗಿ ಕೆಳಗಿನ ಗದ್ದೆಗೆ, ಸೇಬಿನ ತೋಟಕ್ಕೆ ಎಂದ. ಅಪ್ಪ ಹಿಂದಿರುಗುವಾಗ ಕಾರಿನಲ್ಲಿ ಹೇಳಿದ ಮಾತು ಇದು: ‘ಇವರ ಬೇಸಿಗೆಯ ನೀರು ಕಣ್ಣಿಗೆ ಕಾಣುವ ಹಾಗೆ ನಿಂತಿದೆ. ನಮ್ಮ ನೀರು ಎಲ್ಲಿ ನಿಂತಿರುತ್ತದೆ?’

ನನಗೆ ಉತ್ತರ ತಿಳಿದಿರಲಿಲ್ಲ. ಊರಿಗೆ ಬಂದು ಹತ್ತು ದಿನವಾದರೂ ಆ ಪ್ರಶ್ನೆ ಬಿಟ್ಟಿಲ್ಲ. ಅಕ್ಟೋಬರ್ ಕಳೆದ ಮೇಲೆ ಒಳ್ಳೆಯ ಮಳೆಯಿಲ್ಲ, ಆದರೂ ನಮ್ಮ ಅಬ್ಬಿ ಇಂದು ಬೆಳಿಗ್ಗೆಯೂ ಹರಿಯುತ್ತಿದೆ. ತಿಳಿದವರು ಹೇಳಬೇಕು.

ಸಕಲೇಶಪುರ ಸವಾರ

ಅಕ್ಕ, ಓದುತ್ತಾ ಮೈ ಜುಂ ಎಂದಿತು. ಅಜ್ಜನವರಿಗೆ ನಮಸ್ಕಾರ ತಿಳಿಸಿ. ನನ್ನದೊಂದು ಪ್ರಶ್ನೆ. ಕಳೆದ ಡಿಸೆಂಬರಿನಲ್ಲಿ ಮುಳ್ಳಯ್ಯನಗಿರಿಗೆ ಬೆಳಗಿನ ಜಾವ ಹೋದಾಗ ಕೈಬೆರಳು ಮಡಚಲು ಆಗುತ್ತಿರಲಿಲ್ಲ. ಅಷ್ಟು ಚಳಿ ಇದ್ದೂ ನಮ್ಮ ಹೆಬ್ಬೆ ಅಬ್ಬಿಯೋ ಕಲ್ಲತ್ತಿ ಅಬ್ಬಿಯೋ ಒಂದು ದಿನವೂ ಏಕೆ ಹೆಪ್ಪುಗಟ್ಟುವುದಿಲ್ಲ? ಹರಿಯುವ ನೀರು ಹೆಪ್ಪುಗಟ್ಟುವುದಾದರೂ ಹೇಗೆ?

ಬೇಲೂರು ಮೇಷ್ಟ್ರು

ಒಳ್ಳೆಯ ಪ್ರಶ್ನೆ. ಮೂವತ್ತು ವರ್ಷ ಭೌತಶಾಸ್ತ್ರ ಕಲಿಸಿದ್ದೇನೆ, ಇದನ್ನು ಕೇಳಿದವರು ಕಡಿಮೆ.

ಮೊದಲು ನಮ್ಮ ಚಳಿಯ ಲೆಕ್ಕ. ಚಿಕ್ಕಮಗಳೂರು ಪಟ್ಟಣ ಸಮುದ್ರಮಟ್ಟದಿಂದ ಸುಮಾರು 1,090 ಮೀಟರ್ ಎತ್ತರದಲ್ಲಿದೆ. ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್. ಸಾವಿರ ಮೀಟರ್ ಏರಿದರೆ ಸರಾಸರಿ ಆರೂವರೆ ಡಿಗ್ರಿ ತಂಪಾಗುತ್ತದೆ. ಎಂದರೆ ಪಟ್ಟಣಕ್ಕೂ ಶಿಖರಕ್ಕೂ ಐದೂವರೆ ಡಿಗ್ರಿ ವ್ಯತ್ಯಾಸ. ಪಟ್ಟಣದಲ್ಲಿ 13 ಡಿಗ್ರಿ ಇದ್ದ ಬೆಳಿಗ್ಗೆ ಶಿಖರದಲ್ಲಿ ಏಳೆಂಟು ಡಿಗ್ರಿ ಇರುತ್ತದೆ. ನಿಮ್ಮ ಬೆರಳು ಮರಗಟ್ಟಿದ್ದು ಗಾಳಿಯಿಂದ. ಗಾಳಿ ಮೈಯ ಶಾಖವನ್ನು ಬೇಗ ಕದ್ದೊಯ್ಯುತ್ತದೆ, ಆದರೆ ನೀರನ್ನು ಗಾಳಿಯ ಉಷ್ಣತೆಗಿಂತ ತೀರ ಕೆಳಗೆ ಇಳಿಸಲಾರದು. ಇನ್ನೊಂದು ವಿಷಯ: ಅಬ್ಬಿಗೆ ಬರುವ ನೀರು ಆಕಾಶದ ನೀರಲ್ಲ, ನೆಲದೊಳಗಿನಿಂದ ಒಸರಿದ ನೀರು. ನೆಲದಾಳ ವರ್ಷವಿಡೀ ಹೆಚ್ಚುಕಡಿಮೆ ಒಂದೇ ಉಷ್ಣತೆಯಲ್ಲಿರುತ್ತದೆ. ಮಾಗಿಯ ಬೆಳಿಗ್ಗೆ ಬಾವಿಯ ನೀರು ಬೆಚ್ಚಗೆ ತೋರುವುದು, ಅದರಿಂದ ಹಬೆಯೇಳುವುದು ಅದಕ್ಕೇ.

ಇನ್ನು ಹೆಪ್ಪುಗಟ್ಟುವ ಲೆಕ್ಕ. ನೀರು ಸೊನ್ನೆ ಡಿಗ್ರಿಗೆ ಇಳಿದ ಮಾತ್ರಕ್ಕೆ ಗಟ್ಟಿಯಾಗುವುದಿಲ್ಲ. ಸೊನ್ನೆಯಲ್ಲಿಯೇ ನಿಂತು ಇನ್ನೂ ಬಹಳಷ್ಟು ಶಾಖವನ್ನು ಬಿಟ್ಟುಕೊಡಬೇಕು. ಎಷ್ಟು ಎಂದರೆ, ಬಚ್ಚಲ ಹಂಡೆಯ ತಣ್ಣೀರನ್ನು ಸೊನ್ನೆಯಿಂದ 80 ಡಿಗ್ರಿಗೆ ಕಾಯಿಸಲು ಎಷ್ಟು ಸೌದೆ ಬೇಕೋ, ಅದೇ ಹಂಡೆಯ ನೀರು ಸೊನ್ನೆಯಲ್ಲಿ ಮಂಜುಗಡ್ಡೆಯಾಗಲು ಅಷ್ಟೇ ಶಾಖ ಹೊರಹೋಗಬೇಕು. ಒಂದು ರಾತ್ರಿಯ ಚಳಿ ಸಾಲದು. ವಾರಗಟ್ಟಲೆ ಸೊನ್ನೆಗಿಂತ ಕೆಳಗಿರಬೇಕು.

ಹರಿವ ನೀರು ಒಟ್ಟಿಗೆ ಗಟ್ಟಿಯಾಗುವುದಿಲ್ಲ. ಮೊದಲು ಎರಚಲು. ಸಣ್ಣ ಹನಿಗಳು ತಣ್ಣನೆಯ ಬಂಡೆಗೆ, ಹುಲ್ಲಿಗೆ, ಬೇರಿಗೆ ತಗುಲಿ ಅಲ್ಲೇ ಅಂಟುತ್ತವೆ. ಅಂಚಿನ ತೆಳು ನೀರು ಬಿಳಲಾಗಿ ಇಳಿಯುತ್ತದೆ. ಬುಡದಲ್ಲಿ ಬಿದ್ದ ಹನಿ ಹುತ್ತದಂತೆ ಮೇಲೇರುತ್ತದೆ. ಎರಡೂ ಸೇರಿದಾಗ ಕಂಬ. ಕಂಬಗಳು ಒಂದಾಗಿ ನಡುವಿನ ಧಾರೆಯನ್ನು ಮುಚ್ಚಿದ ಮೇಲೆ ಆ ಹೊದಿಕೆಯೇ ಒಳಗಿನ ನೀರಿಗೆ ಕಂಬಳಿಯಾಗುತ್ತದೆ. ನಿಮ್ಮ ತಂದೆಯವರು ಕೇಳಿಸಿಕೊಂಡಿದ್ದು ಆ ಕಂಬಳಿಯೊಳಗಿನ ಧಾರೆ. ಬಣ್ಣವೂ ಹೀಗೆಯೇ. ಗಾಳಿಗುಳ್ಳೆ ತುಂಬಿದ ಕಡೆ ಬೆಳಕು ಚೆದುರಿ ಬಿಳಿಯಾಗಿ ಕಾಣುತ್ತದೆ. ಗುಳ್ಳೆಯಿಲ್ಲದ ದಪ್ಪ ಭಾಗದಲ್ಲಿ ಬೆಳಕಿನ ಕೆಂಪು ಅಂಶ ಸ್ವಲ್ಪ ಸ್ವಲ್ಪವಾಗಿ ಹೀರಿಹೋಗಿ ನೀಲಿ ಉಳಿಯುತ್ತದೆ.

ತಂದೆಯವರ ಪ್ರಶ್ನೆಗೆ ಉತ್ತರ ಹೇಳಲು ನನಗಿಂತ ಕಾಡು ತಿಳಿದವರು ಇಲ್ಲಿದ್ದಾರೆ. ಕಾಯುತ್ತೇನೆ.

ಮೂಡಿಗೆರೆ ಹಳೆ ತೋಟ

ನಮ್ಮಲ್ಲಿ ಹೆಪ್ಪುಗಟ್ಟುವುದಿಲ್ಲ ಎಂಬುದಕ್ಕೆ ನಾವು ದಿನವೂ ಕೈಮುಗಿಯಬೇಕು. 1975ರ ಜುಲೈನಲ್ಲಿ, ಅದು ಅವರಿಗೆ ಚಳಿಗಾಲ, ಬ್ರೆಜಿಲ್‌ನ ಪರಾನಾ ಪ್ರಾಂತ್ಯದಲ್ಲಿ ಒಂದೇ ರಾತ್ರಿ ಗಿಡದೊಳಗಿನ ರಸವೇ ಹೆಪ್ಪುಗಟ್ಟಿ ಕಾಫಿ ತೋಟಗಳು ಸುಟ್ಟವು. ಬೆಳಿಗ್ಗೆ ಎಲೆ ಬೆಂದಂತೆ ಕಪ್ಪಾಗಿತ್ತಂತೆ. ಅದಕ್ಕೆ ಅಲ್ಲಿಯವರು ಕರಿ ಹಿಮ ಎಂದೇ ಹೆಸರಿಟ್ಟಿದ್ದಾರೆ. ಅದರಿಂದ ಮುಂದಿನ ಎರಡು ವರ್ಷ ಪ್ರಪಂಚದಲ್ಲೆಲ್ಲ ಕಾಫಿ ಬೆಲೆ ಏರಿತು. ಆಗ ನಾವು ಬೆಳೆದದ್ದನ್ನೆಲ್ಲ ಕಾಫಿ ಮಂಡಳಿಯ ಪೂಲ್‌ಗೆ, ಎಂದರೆ ಎಲ್ಲರ ಕಾಫಿಯನ್ನೂ ಒಟ್ಟುಗೂಡಿಸಿ ಮಂಡಳಿಯೇ ಮಾರುವ ವ್ಯವಸ್ಥೆಗೆ, ಕೊಡಬೇಕಾದ ಕಾಲ. ನಮ್ಮ ಮನೆಯ ಸಿಮೆಂಟ್ ಕಣ ಕಟ್ಟಿದ್ದು ಆ ದಿನಗಳಲ್ಲಿ. ಕಣ ಗುಡಿಸುವಾಗಲೆಲ್ಲ ನನ್ನ ತಂದೆ ‘ಇದು ಯಾರದೋ ಗಿಡ ಸುಟ್ಟ ದುಡ್ಡು’ ಎಂದು ಹೇಳುತ್ತಿದ್ದರು. ಮಂಜುಗಡ್ಡೆ ಎಂದರೆ ನನಗೆ ಇಂದಿಗೂ ಆ ಮಾತೇ ನೆನಪಾಗುತ್ತದೆ, ಚೆಂದ ನೆನಪಾಗುವುದಿಲ್ಲ. ಕ್ಷಮಿಸಿ.

ಮಲ್ಲಂದೂರು ತೋಟದ ಮನೆ

ಕ್ಷಮೆ ಏಕೆ? ನಿಮ್ಮ ತಂದೆಯವರ ಮಾತನ್ನು ಅಪ್ಪನಿಗೆ ಓದಿ ಹೇಳಿದೆ. ಎರಡನೆಯ ಸಲ ಓದಿಸಿಕೊಂಡರು.

ನಮ್ಮ ಪಾಲಿಗೆ ಆಕಾಶದಿಂದ ಬೀಳುವ ಮಂಜುಗಡ್ಡೆ ಎಂದರೆ ಆಲಿಕಲ್ಲು ಒಂದೇ. ಕಾಫಿ ಹೂವರಳಿಸುವ ಮಳೆಯ ಹೊತ್ತಿಗೆ ಅದು ಬಿದ್ದರೆ ಆ ವರ್ಷದ ಫಸಲಿನ ಗತಿ ಏನೆಂದು ನಮಗೆಲ್ಲ ಗೊತ್ತು.

ಕಿಗ್ಗ ಕಡೆಯವನು

ಪದಗಳ ಬಗ್ಗೆ ಒಂದು ಮಾತು. ನಮ್ಮ ಅಜ್ಜಿ ಮಾಗಿಯಲ್ಲಿ ‘ಹಿಮ ಬೀಳುತ್ತಿದೆ, ತಲೆಗೆ ಬಟ್ಟೆ ಕಟ್ಟಿಕೋ’ ಎನ್ನುತ್ತಿದ್ದರು. ಅವರ ಹಿಮ ಎಂದರೆ ಬೆಳಗಿನ ಜಾವ ಅಡಿಕೆ ಸೋಗೆಯಿಂದ ತೊಟ್ಟಿಕ್ಕುವ ಇಬ್ಬನಿ ಮತ್ತು ಅದರ ಜೊತೆಗಿನ ಕಾವಳ, ಎರಡೂ. ಶಾಲೆಯಲ್ಲಿ ಹಿಮಾಲಯದ ಪಾಠ ಬಂದಾಗ ಹಿಮದ ಆಲಯ ಎಂದರೆ ಸದಾ ಕಾವಳ ಕವಿದ ಬೆಟ್ಟ ಎಂದೇ ಬಹಳ ವರ್ಷ ತಿಳಿದಿದ್ದೆ. ಗಟ್ಟಿಯಾದ ನೀರಿಗೆ ನೀರ್ಗಲ್ಲು ಎಂಬ ಪದ ನಮ್ಮಲ್ಲಿದೆ. ನೀರೇ ಕಲ್ಲಾದದ್ದು. ಅಕ್ಕ ಬರೆದ ಅಬ್ಬಿಗೆ ಅದು ಮಂಜುಗಡ್ಡೆಗಿಂತ ಚೆನ್ನಾಗಿ ಹೊಂದುತ್ತದೆ. ಮಂಜುಗಡ್ಡೆ ಎಂದೊಡನೆ ನನಗೆ ಮೀನಿನ ಪೆಟ್ಟಿಗೆ ಕಣ್ಣಮುಂದೆ ಬರುತ್ತದೆ.

ಮತ್ತೆ, ಇಷ್ಟು ದೂರ ಹೋಗಿ ನೋಡಬೇಕೇ ಎಂಬ ಪ್ರಶ್ನೆ ನನ್ನಲ್ಲಿದೆ. ಬೇಸರ ಮಾಡಿಕೊಳ್ಳಬೇಡಿ. ನಮ್ಮ ಸಿರಿಮನೆ ಅಬ್ಬಿಗೆ ಜುಲೈನಲ್ಲಿ ಸಾಲುಸಾಲು ವಾಹನ ಬರುತ್ತವೆ. ಜನವರಿಯ ಬೆಳಿಗ್ಗೆ ಏಳಕ್ಕೆ ಒಬ್ಬರೂ ಇರುವುದಿಲ್ಲ. ಮಳೆಗಾಲದಲ್ಲಿ ಬಂಡೆಯೇ ಕಾಣದಂತೆ ಸುರಿಯುವ ನೀರು ಮಾಗಿಯಲ್ಲಿ ಎಳೆಎಳೆಯಾಗಿ ಇಳಿಯುತ್ತದೆ. ಬಂಡೆಯ ಮೈಯ ಒಂದೊಂದು ಗೆರೆಯೂ ಕಾಣುತ್ತದೆ. ಚೆನ್ನಾಗಿ ನೋಡಬೇಕಾದವರು ಈಗ ಬರಬೇಕು.

ಮಲ್ಲಂದೂರು ತೋಟದ ಮನೆ

ಬೇಸರವಿಲ್ಲ. ಆದರೆ ಅಲ್ಲಿಗೆ ಹೋಗದಿದ್ದರೆ ಅಪ್ಪನಿಗೆ ಆ ಪ್ರಶ್ನೆ ಹುಟ್ಟುತ್ತಿರಲಿಲ್ಲ. ಎಪ್ಪತ್ತಾರು ವರ್ಷ ಮನೆಯ ಹಿಂದೆಯೇ ಇದ್ದ ಅಬ್ಬಿಯ ಬಗ್ಗೆ ಅದು ಅವರ ಮೊದಲ ಪ್ರಶ್ನೆ.

ಅರಕಲಗೂಡಿನಿಂದ ದೂರ

ನಾನು ಹನ್ನೊಂದು ವರ್ಷದಿಂದ ಅಮೆರಿಕದ ಮಿನಿಯಾಪೊಲಿಸ್‌ನಲ್ಲಿದ್ದೇನೆ. ಊರಿನೊಳಗೇ ಮಿನ್ನೆಹಾಹಾ ಎಂಬ ಅಬ್ಬಿಯಿದೆ, 53 ಅಡಿ ಎತ್ತರ. ನಮ್ಮ ಕಲ್ಲತ್ತಿಯ ಅರ್ಧವೂ ಇಲ್ಲ. ಜನವರಿಯಲ್ಲಿ ಅದು ಪೂರ್ತಿ ಪರದೆಯಾಗುತ್ತದೆ. ಪರದೆಯ ಹಿಂದೆ ಗುಹೆಯಂಥ ಜಾಗವಿದ್ದು, ಒಳಗೆ ನಿಂತರೆ ಬೆಳಕು ನೀಲಿಯಾಗಿ ಸೋಸಿ ಬರುತ್ತದೆ. ನಿಷೇಧದ ಫಲಕವಿದ್ದರೂ ಬೇಲಿ ದಾಟಿ ಹೋಗುವವರಿದ್ದಾರೆ. ಮೊದಲ ವರ್ಷ ನಾನೂ ಹೋದೆ. ಹಿಂದಿರುಗುವಾಗ ನಾನು ನಿಂತಿದ್ದ ಜಾಗದ ಪಕ್ಕದಲ್ಲೇ ಆಳೆತ್ತರದ ಬಿಳಲೊಂದು ಮುರಿದು ಬಿದ್ದಿತು. ಅಂದಿನಿಂದ ಬೇಲಿಯ ಈಚೆಯಿಂದಲೇ ನೋಡುತ್ತೇನೆ, ಬಂದ ನೆಂಟರಿಗೂ ಅದನ್ನೇ ಹೇಳುತ್ತೇನೆ. ದಯವಿಟ್ಟು ಯಾರೂ ಬಿಳಲುಗಳ ಕೆಳಗೆ ಫೋಟೊಗೆ ನಿಲ್ಲಬೇಡಿ.

ಸದ್ದಿನ ಬಗ್ಗೆ ಬರೆದಿದ್ದೀರಲ್ಲ, ಅದಕ್ಕೊಂದು ಹಳೆಯ ಸಂಗತಿ. ನಯಾಗರಾ ಹೆಪ್ಪುಗಟ್ಟಿತು ಎಂದು ಪ್ರತಿ ವರ್ಷ ಚಿತ್ರಗಳು ಹರಿದಾಡುತ್ತವೆ. ಅಂಚುಗಳಲ್ಲಿ, ಎರಚಲು ಬಿದ್ದ ಕಡೆಯಲ್ಲಿ ಹೆಪ್ಪುಗಟ್ಟುತ್ತದೆ, ಹೊದಿಕೆಯ ಕೆಳಗೆ ನೀರು ಹರಿಯುತ್ತಲೇ ಇರುತ್ತದೆ. ಆದರೆ 1848ರ ಮಾರ್ಚ್ ಕೊನೆಯಲ್ಲಿ ಒಮ್ಮೆ ನಯಾಗರಾ ನಿಜವಾಗಿ ನಿಂತಿತು. ಈರಿ ಸರೋವರದ ಮಂಜುಗಡ್ಡೆಯನ್ನು ಗಾಳಿ ತಳ್ಳಿ ತಂದು ನದಿಯ ಬಾಯಿಗೆ ಅಡ್ಡಗಟ್ಟಿತು. ಒಂದು ದಿನಕ್ಕೂ ಹೆಚ್ಚು ಹೊತ್ತು ನೀರು ಬರಲಿಲ್ಲ. ನದಿಯ ಪಕ್ಕದ ಜನ ನಡುರಾತ್ರಿ ಎಚ್ಚೆತ್ತದ್ದು ಸದ್ದಿನಿಂದಲ್ಲ, ಸದ್ದು ನಿಂತದ್ದರಿಂದ ಎಂದು ಹೇಳುತ್ತಾರೆ. ನಿಮ್ಮ ತಂದೆಯವರು ನಡಿಗೆ ನಿಧಾನ ಮಾಡಿದರು ಎಂಬ ಸಾಲು ಓದಿದಾಗ ಅದು ನೆನಪಾಯಿತು. ಅದೇ ನಯಾಗರಾದಲ್ಲಿ 1912ರ ಫೆಬ್ರವರಿ 4ರಂದು ನದಿಯ ಮೇಲೆ ಕಟ್ಟಿದ್ದ ಮಂಜಿನ ಸೇತುವೆ ಒಡೆದು ಮೂವರು ಸತ್ತರು. ಅದರ ಮೇಲೆ ನಡೆಯುವುದನ್ನು ಆಮೇಲೆ ನಿಲ್ಲಿಸಿದರು.

ಹಾಸನದ ಅಮ್ಮ

ಮುಂದಿನ ವರ್ಷ ಕ್ರಿಸ್‌ಮಸ್ ರಜೆಯಲ್ಲಿ ನಾವೂ ಹೋಗಬೇಕೆಂದಿದ್ದೇವೆ. ಮಗಳಿಗೆ ಏಳು ವರ್ಷ, ಅತ್ತೆಗೆ ಅರವತ್ತೆಂಟು. ಬಟ್ಟೆಬರೆ ಏನು ಬೇಕು, ಎಷ್ಟು ಹೊತ್ತಿಗೆ ಹೋಗಬೇಕು ಎಂದು ದಯವಿಟ್ಟು ಬಿಡಿಸಿ ಹೇಳಿ.

ಮಲ್ಲಂದೂರು ತೋಟದ ಮನೆ

ಒಂದು ದಪ್ಪ ಸ್ವೆಟರಿಗಿಂತ ಮೂರು ತೆಳು ಪದರ ಮೇಲು. ಮೈಗೆ ತಾಗುವ ಪದರ ಹತ್ತಿಯದಾಗಿರಬಾರದು. ಬೆವರು ಹೀರಿದ ಹತ್ತಿ ಬಟ್ಟೆ ಅಲ್ಲಿ ಒಣಗುವುದೇ ಇಲ್ಲ, ಒದ್ದೆ ಬಟ್ಟೆಯೇ ಚಳಿ ಹತ್ತಿಸುತ್ತದೆ. ಮೊದಲ ದಿನ ಅಪ್ಪ ತಮ್ಮ ಬನಿಯನ್ ಬಿಡಲೊಲ್ಲದೆ ನಡುಗಿದರು. ಕಾಲುಚೀಲ ಉಣ್ಣೆಯದು, ಎರಡು ಜೊತೆ ಕೈಚೀಲದಲ್ಲಿರಲಿ. ಎತ್ತರದ ರಬ್ಬರ್ ಬೂಟು, ಉದ್ದ ಕೋಟು ಟಂಗ್‌ಮಾರ್ಗ್‌ನಲ್ಲಿ ಬಾಡಿಗೆಗೆ ಸಿಗುತ್ತವೆ. ಬೂಟು ಹಾಕಿದ ಮೇಲೆ ಒಂದಿಷ್ಟು ನಡೆದು ನೋಡಿ ಆಮೇಲೆ ದುಡ್ಡು ಕೊಡಿ. ನನಗೆ ಕೊಟ್ಟದ್ದರ ಅಡಿ ಸವೆದಿತ್ತು, ಎರಡು ಸಲ ಬಿದ್ದೆ. ಅತ್ತೆಯವರಿಗೆ ಊರುಗೋಲು ಇರಲಿ, ತುದಿಯಲ್ಲಿ ಕಬ್ಬಿಣವಿದ್ದರೆ ಒಳ್ಳೆಯದು.

ಮೊಬೈಲ್ ಒಳಜೇಬಿನಲ್ಲಿರಲಿ. ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ. ತುಟಿಗೆ ಹಚ್ಚಲು ನಾನು ಒಯ್ದ ಕೊಬ್ಬರಿ ಎಣ್ಣೆ ಬಾಟಲಿಯಲ್ಲಿ ಕಲ್ಲಾಗಿತ್ತು. ಡಿಸೆಂಬರಿನಲ್ಲಿ ನಮ್ಮ ಮನೆಯಲ್ಲಿಯೇ ಅದು ಗಟ್ಟಿಯಾಗುತ್ತದೆ, ಅಲ್ಲಿ ಕೇಳಬೇಕೇ. ತುಪ್ಪವೂ ಅಷ್ಟೇ. ಡಬ್ಬಿಯಲ್ಲಿ ಸಿಗುವ ಮುಲಾಮು ಒಯ್ಯಿರಿ.

ಹೊತ್ತು ಮುಖ್ಯ. ಬೆಳಿಗ್ಗೆ ಒಂಬತ್ತರೊಳಗೆ ಅಬ್ಬಿಯ ಮುಂದಿರಬೇಕು. ರಾತ್ರಿಯ ಚಳಿಗೆ ಎಲ್ಲವೂ ಬಿಗಿದಿರುತ್ತದೆ, ಜನ ಕಡಿಮೆ. ಬಿಸಿಲೇರಿದ ಮೇಲೆ ಬಿಳಲುಗಳು ಸಡಿಲವಾಗುತ್ತವೆ. ನಾವು ಹೊರಡುವಾಗ ಹನ್ನೊಂದು ಗಂಟೆ, ಒಂದು ತುಂಡು ಬಿದ್ದ ಸದ್ದು ಕೋವಿ ಹಾರಿಸಿದಂತೆ ಕೇಳಿತು. ಮಗಳ ಕೈ ಬಿಡಬೇಡಿ.

ಸಕಲೇಶಪುರ ಸವಾರ

ಕಳೆದ ಭಾನುವಾರ ಕಿಗ್ಗದವರ ಮಾತು ಕೇಳಿ ಕಲ್ಲತ್ತಿಗಿರಿಗೆ ಹೋಗಿದ್ದೆ. ಬೆಳಿಗ್ಗೆ ಆರೂವರೆಗೆ ವೀರಭದ್ರ ಸ್ವಾಮಿ ಗುಡಿಯ ಮುಂದೆ ನಾನೊಬ್ಬನೇ. ಮಳೆಗಾಲದಲ್ಲಿ ಮೂರು ಸಲ ಹೋಗಿದ್ದೇನೆ, ಗುಡಿಯ ಪಕ್ಕದ ಬಂಡೆಯಲ್ಲಿ ಕೆತ್ತಿದ ಆನೆಗಳನ್ನು ಆಗ ಸರಿಯಾಗಿ ನೋಡಿರಲಿಲ್ಲ. ಈಗ ನೀರು ಅವುಗಳ ಬೆನ್ನ ಮೇಲಿನಿಂದ ಎಳೆಯಾಗಿ ಇಳಿಯುತ್ತಿತ್ತು. ನೀರಿಗೆ ಕೈಯಿಟ್ಟೆ, ಮೇಷ್ಟ್ರು ಹೇಳಿದ್ದು ನಿಜ, ಗಾಳಿಗಿಂತ ಬೆಚ್ಚಗಿತ್ತು.

ಕೊಪ್ಪದ ಕಾಡುಹಾದಿ

ತಡವಾಗಿ ಓದಿದೆ. ಕಾಡಿನ ಕೆಲಸದಲ್ಲಿ ಮೂವತ್ತನಾಲ್ಕು ವರ್ಷ ಕಳೆದವನು. ಹಿರಿಯರ ಪ್ರಶ್ನೆಗೆ ನನಗೆ ತಿಳಿದಷ್ಟು ಹೇಳುತ್ತೇನೆ.

ನಮ್ಮ ನೀರು ಗುಡ್ಡದ ತಲೆಯಲ್ಲಿ ನಿಂತಿರುತ್ತದೆ. ಬಾಬಾಬುಡನ್‌ಗಿರಿ, ಕೆಮ್ಮಣ್ಣುಗುಂಡಿ, ಕುದುರೆಮುಖ, ಎಲ್ಲಿ ನೋಡಿದರೂ ಒಂದೇ ವಿನ್ಯಾಸ. ಏಣಿನ ಮೇಲೆ ಹುಲ್ಲು, ಗುಡ್ಡದ ಮಡಿಕೆಯಲ್ಲಿ ಕಪ್ಪಗೆ ಒತ್ತಾದ ಶೋಲಾ ಕಾಡು. ದೂರದಿಂದ ನೋಡಿದವರು ಹುಲ್ಲನ್ನು ಬೋಳು ಗುಡ್ಡ ಎನ್ನುತ್ತಾರೆ. ಅದು ಬೋಳಲ್ಲ. ಆ ಹುಲ್ಲಿನ ಬೇರು ಚಾಪೆಯಂತೆ ಹೆಣೆದು ಮಳೆಯ ಹೊಡೆತವನ್ನು ತಡೆದು ನೀರನ್ನು ಮೆಲ್ಲಗೆ ಒಳಗಿಳಿಸುತ್ತದೆ. ಶೋಲಾದೊಳಗೆ ಕಾಲಿಟ್ಟರೆ ತರಗೆಲೆಯ ಕೆಳಗಿನ ಕಪ್ಪು ಮಣ್ಣು ಹೆಜ್ಜೆಗೆ ಕುಸಿಯುತ್ತದೆ. ಜನವರಿಯಲ್ಲಿಯೂ ಒಂದು ಹಿಡಿ ಮಣ್ಣೆತ್ತಿ ಹಿಂಡಿದರೆ ಅಂಗೈ ಒದ್ದೆಯಾಗುತ್ತದೆ. ಮೂರು ತಿಂಗಳ ಮಳೆಯನ್ನು ಅದು ಹೀರಿಟ್ಟುಕೊಂಡು ಒಂಬತ್ತು ತಿಂಗಳು ಹನಿಹನಿಯಾಗಿ ಬಿಡುತ್ತದೆ. ಮಳೆಯಿಲ್ಲದ ದಿನವೂ ಕಾವಳ ಹಾಯುವಾಗ ಮರದ ಎಲೆ, ಕೊಂಬೆಗೆ ಕಟ್ಟಿದ ಪಾಚಿ ಅದನ್ನು ಹಿಡಿದು ಕೆಳಗೆ ತೊಟ್ಟಿಕ್ಕಿಸುತ್ತವೆ. ಕೊಡೆ ಬಿಚ್ಚದೆ ಒಳಗೆ ನಡೆದರೆ ಬಿಸಿಲ ದಿನದಲ್ಲೂ ಹೆಗಲು ನೆನೆಯುತ್ತದೆ.

ಬೇಸಿಗೆಗೆ ಮುಂಚೆ ಹುಲ್ಲಿಗೆ ಬೆಂಕಿ ಬಿದ್ದ ಗುಡ್ಡದ ಒರತೆಗಳು ಮುಂದಿನ ವರ್ಷಗಳಲ್ಲಿ ಬೇಗ ಬತ್ತಿದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಬಿಸಾಡಿದ ಒಂದು ಬೀಡಿ ಸಾಕು. ಬೆಂಕಿಗೆ ಸೊಪ್ಪು ಬಡಿದು ಬಡಿದು ರಾತ್ರಿ ಕಳೆದವನು ಹೇಳುತ್ತಿದ್ದೇನೆ, ಗುಡ್ಡದ ಮೇಲೆ ಒಲೆ ಹೂಡಬೇಡಿ, ಕಡ್ಡಿ ಗೀರಬೇಡಿ.

ಬೇಲೂರು ಮೇಷ್ಟ್ರು

ಬಹಳ ಸೊಗಸಾಗಿ ಹೇಳಿದಿರಿ. ಒಂದನ್ನು ಸೇರಿಸುತ್ತೇನೆ. ಮಣ್ಣಿನ ಕೆಳಗೆ ಶಿಥಿಲವಾದ ಬಂಡೆಯ ಪದರವಿದೆ, ಬಿರುಕುಗಳಿವೆ. ಶೋಲಾ ಮೆಲ್ಲಗೆ ಇಳಿಸಿದ ನೀರಿನ ಒಂದು ಪಾಲು ಅಲ್ಲಿ ಸೇರುತ್ತದೆ. ಮಾರ್ಚ್, ಏಪ್ರಿಲ್‌ನ ನೀರು ಹೆಚ್ಚಾಗಿ ಅಲ್ಲಿಂದ ಬರುವುದು. ಮೇಲಿನ ಸ್ಪಂಜು ಕಿತ್ತರೆ ಕೆಳಗಿನ ಕಣಜ ತುಂಬುವುದಿಲ್ಲ. ನಾನು ಕುಡಿಯುವುದು ಯಗಚಿ ನೀರು. ಅದು ಹುಟ್ಟುವುದು ಅದೇ ಬೆಟ್ಟಸಾಲಿನಲ್ಲಿ.

ಕಡೂರು ಬಯಲು

ಮಲೆನಾಡಿನವರು ತಮ್ಮ ನೀರು ಎನ್ನುತ್ತಿದ್ದೀರಿ. ಆ ಬೆಟ್ಟದ ಮೂಡಣ ಮಗ್ಗುಲಿನ ನೀರು ನಮ್ಮದೂ ಹೌದು. ವೇದಾ, ಅವತಿ ಎರಡೂ ಅಲ್ಲಿ ಹುಟ್ಟಿ ಬಯಲಿಗಿಳಿದು ಕೂಡಿ ವೇದಾವತಿಯಾಗುತ್ತವೆ. ಸಖರಾಯಪಟ್ಟಣದ ಬಳಿಯ ಅಯ್ಯನಕೆರೆ ತುಂಬುವುದು ಬೆಟ್ಟದ ಹಳ್ಳಗಳಿಂದ. ಅದೇ ವೇದಾವತಿಗೆ ಮುಂದೆ ಹಿರಿಯೂರಿನ ಹತ್ತಿರ ಮಾರಿಕಣಿವೆ ಕಟ್ಟೆ, 1907ರಲ್ಲಿ ಮುಗಿದದ್ದು. ನಮ್ಮ ಹೊಲದಲ್ಲಿ ನಿಂತು ಪಡುವಣಕ್ಕೆ ನೋಡಿದರೆ ಬೆಟ್ಟಸಾಲು ನೀಲಿ ಗೆರೆಯಾಗಿ ಕಾಣುತ್ತದೆ. ರಾತ್ರಿ ಅಲ್ಲಿ ಬೆಂಕಿಯ ಗೆರೆ ಕಂಡರೆ ನಮಗೆ ನಿದ್ದೆ ಬರುವುದಿಲ್ಲ.

ಲಡಾಖ್‌ನವರು ಏನು ಮಾಡುತ್ತಾರೆ ಎಂದು ಓದಿದ್ದೇನೆ. ಅಲ್ಲಿ ಬಿತ್ತನೆಗೆ ಏಪ್ರಿಲ್, ಮೇನಲ್ಲಿ ನೀರು ಬೇಕು, ಮೇಲಿನ ಹಿಮನದಿ ಕರಗುವುದು ಜೂನ್‌ಗೆ. ಅದಕ್ಕೆ ಚೆವಾಂಗ್ ನಾರ್ಫೆಲ್ ಎಂಬ ಎಂಜಿನಿಯರ್ ಚಳಿಗಾಲದಲ್ಲಿ ವ್ಯರ್ಥ ಹರಿಯುವ ಹಳ್ಳವನ್ನು ನೆರಳಿನ ಇಳಿಜಾರಿಗೆ ತಿರುಗಿಸಿ, ಸಣ್ಣ ಸಣ್ಣ ಒಡ್ಡು ಕಟ್ಟಿ, ಅಲ್ಲೇ ಹೆಪ್ಪುಗಟ್ಟಿಸಿದರು. 2015ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಸೋನಮ್ ವಾಂಗ್‌ಚುಕ್ ಅವರು ಕೊಳವೆಯಿಂದ ನೀರು ಚಿಮ್ಮಿಸಿ ಗೋಪುರದಂತೆ ನಿಲ್ಲಿಸಿದ ಹಿಮ ಸ್ತೂಪವೂ ಅದೇ ಉದ್ದೇಶದ್ದು. ನೀರಿಲ್ಲದ ಊರಿನವನಾಗಿ ಆ ಇಬ್ಬರ ಬಗ್ಗೆ ನನಗೆ ತುಂಬು ಗೌರವ. ಅವರು ಕಷ್ಟಪಟ್ಟು ಕಟ್ಟಿಕೊಂಡದ್ದು ನಮಗೆ ಶೋಲಾದಲ್ಲಿ ತಾನಾಗಿಯೇ ಇದೆ.

ಮಲ್ಲಂದೂರು ತೋಟದ ಮನೆ

ಕೊಪ್ಪದ ಹಿರಿಯರ ಬರಹವನ್ನೂ ಕಡೂರಿನವರ ಬರಹವನ್ನೂ ಅಪ್ಪನಿಗೆ ಜಗುಲಿಯಲ್ಲಿ ಕೂತು ಓದಿದೆ. ಅವರು ಎದ್ದು ಒಳಗೆ ಹೋಗಿ ತಮ್ಮ ಹಳೆಯ ಮಳೆ ಪುಸ್ತಕಗಳ ಕಟ್ಟು ತಂದರು. ತೋಟದವರಿಗೆಲ್ಲ ಗೊತ್ತು, ಮಳೆಯನ್ನು ಇಂಚು, ಸೆಂಟ್ (ಇಂಚಿನ ನೂರನೇ ಒಂದು ಪಾಲು) ಲೆಕ್ಕದಲ್ಲಿ ದಿನವೂ ಬರೆಯುತ್ತೇವೆ. ನನಗೆ ಗೊತ್ತಿಲ್ಲದಿದ್ದ ಸಂಗತಿ ಇದು: ಪ್ರತಿ ವರ್ಷದ ಪುಸ್ತಕದ ಕೊನೆಯ ಪುಟದಲ್ಲಿ ಶಿವರಾತ್ರಿಯ ದಿನ ಒಂದು ಅಂಕಿ ಇದೆ. ಅಬ್ಬಿಯ ತಲೆಯಲ್ಲಿ ಒಂದು ಒರತೆಯಿದೆ. ಅದಕ್ಕೆ ಅಡಿಕೆ ದಬ್ಬೆ ಇಟ್ಟು, ಬಕೆಟ್ ತುಂಬಲು ಎಷ್ಟು ಹೊತ್ತು ಹಿಡಿಯಿತು ಎಂದು ಅವರು ಬರೆದಿಟ್ಟಿದ್ದಾರೆ. ಏಕೆ ಎಂದು ಕೇಳಿದೆ. ‘ರೋಬಸ್ಟಾಕ್ಕೆ ನೀರು ಹೊಡೆಯಲು ಸಾಕೇ ಎಂದು ನೋಡಲು’ ಎಂದರು. ಮೊದಲೆಲ್ಲ ಮೂವತ್ತು ಸೆಕೆಂಡಿನ ಆಸುಪಾಸು. ಈಚಿನ ವರ್ಷಗಳಲ್ಲಿ ನಲವತ್ತು ದಾಟಿದೆ. ಮೇಲಿನ ಗುಡ್ಡಕ್ಕೆ ಬೆಂಕಿ ಬಿದ್ದ ವರ್ಷದ ಮುಂದಿನ ಅಂಕಿ ಅರವತ್ತೈದು. ಆ ಎರಡನ್ನೂ ಅವರು ಇದುವರೆಗೆ ಜೋಡಿಸಿ ನೋಡಿರಲಿಲ್ಲ, ನಾವಿಬ್ಬರೂ ಒಟ್ಟಿಗೆ ನೋಡಿದೆವು. ಒಂದು ಒರತೆಯ ಲೆಕ್ಕದಿಂದ ಏನನ್ನೂ ಸಾಧಿಸಲಾಗದು ಎಂದು ಮೇಷ್ಟ್ರು ಹೇಳಬಹುದು.

ಬೇಲೂರು ಮೇಷ್ಟ್ರು

ಒಂದರಿಂದ ಆಗದು. ಇಪ್ಪತ್ತು ಒರತೆಗಳ ಲೆಕ್ಕವಿದ್ದರೆ ಆಗುತ್ತದೆ. ಒಂದೇ ದಿನ, ಒಂದೇ ಅಳತೆಯ ಬಕೆಟ್, ಮೂರು ಸಲ ಅಳೆದು ಸರಾಸರಿ. ಇಪ್ಪತ್ತು ಲೀಟರಿನದ್ದು ಎಲ್ಲರ ಮನೆಯಲ್ಲೂ ಇರುತ್ತದೆ. ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಹೋಗುತ್ತದೆ ಎನ್ನುತ್ತಾರಲ್ಲ, ಮಾಗಿ ಮುಗಿದು ಬೇಸಿಗೆ ಕಾಲಿಡುವ ಆ ದಿನವೇ ಸರಿ. ಎಲ್ಲರೂ ಅಳೆಯೋಣ.

ಮಲ್ಲಂದೂರು ತೋಟದ ಮನೆ

ಇಂದು ಶಿವರಾತ್ರಿ. ಬೆಳಿಗ್ಗೆ ಆರೂಕಾಲಿಗೆ ಅಪ್ಪನೂ ನಾನೂ ಮೇಲೆ ಹತ್ತಿದೆವು. ದ್ರಂಗ್‌ನಲ್ಲಿ ಹಾಕಿದ್ದ ಮಂಕಿ ಟೋಪಿಯನ್ನೇ ಹಾಕಿಕೊಂಡಿದ್ದರು. ಒರತೆಯ ಬಾಯಿಗೆ ಕವಿದ ತರಗೆಲೆ ಸರಿಸಿ ಹೊಸ ದಬ್ಬೆ ಇಟ್ಟೆವು. ಅಪ್ಪ ಗಡಿಯಾರ ಹಿಡಿದರು, ನಾನು ಬಕೆಟ್. ಇಪ್ಪತ್ತು ಲೀಟರಿಗೆ 47, 48, 47 ಸೆಕೆಂಡು.

ಕಿಗ್ಗ ಕಡೆಯವನು

ನಮ್ಮ ಮನೆಯ ಮೇಲಿನ ಒರತೆ: 29, 30, 29. ಅಜ್ಜಿಯ ಕಾಲದ ದಬ್ಬೆಯ ಜಾಗದಲ್ಲಿ ಈಗ ಪೈಪ್ ಇದೆ.

ಮೂಡಿಗೆರೆ ಹಳೆ ತೋಟ

ನಮ್ಮದು 53. ಮೂರು ಸಲವೂ ಅಷ್ಟೇ ಬಂತು.

ಸಕಲೇಶಪುರ ಸವಾರ

ನಮ್ಮ ದೊಡ್ಡಪ್ಪನ ತೋಟದ ಒರತೆಗೆ ಹೋದೆ. ನೀರಿಲ್ಲ. ಬಂಡೆ ಮಾತ್ರ ಒದ್ದೆಯಾಗಿದೆ, ಬಕೆಟ್ ಹಿಡಿಯುವಷ್ಟು ಧಾರೆಯಿಲ್ಲ. ದೊಡ್ಡಪ್ಪ ಹೇಳುವ ಪ್ರಕಾರ ಹಿಂದೆ ಯುಗಾದಿಯ ತನಕ ಬರುತ್ತಿತ್ತು. ಏನೆಂದು ಬರೆಯಲಿ?

ಮಲ್ಲಂದೂರು ತೋಟದ ಮನೆ

‘ಬಂಡೆ ಒದ್ದೆ, ಧಾರೆ ಇಲ್ಲ’ ಎಂದೇ ಬರೆಯಿರಿ. ತಾರೀಕು ಹಾಕಿ, ದೊಡ್ಡಪ್ಪನವರ ಮಾತನ್ನೂ ಕೆಳಗೆ ಬರೆದಿಡಿ. ಬಂಡೆಗೆ ಕಿವಿಯಿಟ್ಟು ನೋಡಿದಿರಾ ಎಂದು ಅಪ್ಪ ಕೇಳುತ್ತಿದ್ದಾರೆ.